ಸಿಂಕ್ಲೇರನ ಚುನಾವಣಾಗ್ರಂಥಗಳಲ್ಲಿ ಭಾವಿಕ

ಕಳೆದುಹೋದ ಅರ್ಥಗಳೂ ಇನ್ನು ಬರಬೇಕಾದ ಅರ್ಥಗಳೂ ಕಣ್ಣೆದುರಿನಲ್ಲಿಯೇ ನಡೆಯುತ್ತಿರುವಂತೆ ತೋರುವ ಪ್ರಬಂಧಗುಣಕ್ಕೆ ಭಾಮಹನು ಭಾವಿಕತ್ವವೆಂದು ಹೆಸರಿಟ್ಟಿರುವನು. ದಂಡಿಯೂ ಅದನ್ನು ಪ್ರಬಂಧಗುಣವೆಂದೇ ಒಪ್ಪಿ, ಭಾವವೆಂದರೆ ಕವಿಯ ಅಭಿಪ್ರಾಯವು, ಕಾವ್ಯವು ಸಿದ್ಧಿಸುವವರೆಗೆ ಆ ಅಭಿಪ್ರಾಯವು ಅದರಲ್ಲಿ ನೆಲೆಗೊಂಡಿರುವುದೇ ಭಾವಿಕವು ಎಂದು ಬೇರೊಂದು ದಾರಿಯಿಂದ ವಿವರಿಸಿದನು. ಮಮ್ಮಟನೇ ಮೊದಲಾದ ಅನಂತರದವರು ಇದನ್ನು ಒಂದು ಪದ್ಯದೊಳಗಿನ ಅಲಂಕಾರವನ್ನಾಗಿ ಇಳಿಸಿಬಿಟ್ಟುದರಿಂದ, ಪಾಠ ಹೇಳುವವರು ಒಂದೆರಡು ಹಳೆಯ ಉದಾಹರಣೆಗಳನ್ನು ಒಪ್ಪಿಸಿ ಮುಂದಿನ ಅಲಂಕಾರಕ್ಕೆ ನಡೆಯುವುದು ವಾಡಿಕೆಯಾಗಿದೆ. ಇಡಿಯ ಗ್ರಂಥವೊಂದು ಭಾವಿಯನ್ನು ಭೂತವೆಂಬಂತೆ ಕಥಿಸಿ, ಆ ಕಥನದ ಬಲದಿಂದಲೇ ಲಕ್ಷಾಂತರ ಜನರನ್ನು ಮತಪೆಟ್ಟಿಗೆಯ ಬಳಿಗೆ ನಡೆಸಿದ ಉದಾಹರಣೆಯು ಸಂಸ್ಕೃತದಲ್ಲಾಗಲಿ ಕನ್ನಡದಲ್ಲಾಗಲಿ ದೊರೆಯುವುದು ಕಷ್ಟ. ಅದು ದೊರೆಯುವುದು ಆಲಂಕಾರಿಕರು ಸಾಮಾನ್ಯವಾಗಿ ಕಣ್ಣಿಡದ ಒಂದೆಡೆಯಲ್ಲಿ: ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ೧೯೩೪ನೆಯ ಇಸವಿಯಲ್ಲಿ ನಡೆದ ಗವರ್ನರ್ ಚುನಾವಣೆಯಲ್ಲಿ.

ಭಾರತದಲ್ಲಿ ರಾಜ್ಯಪಾಲನು ನೇಮಕಗೊಳ್ಳುವವನು. ಅಮೆರಿಕದ ಸಂಸ್ಥಾನಗಳಲ್ಲಿಯಾದರೋ ಗವರ್ನರನು ಪ್ರಜೆಗಳ ಮತದಿಂದ ಆರಿಸಲ್ಪಟ್ಟು ಸ್ವತಃ ಆಡಳಿತ ನಡೆಸುವವನು. ಆ ವರ್ಷ ಈ ಪದವಿಗೆ ಡೆಮೊಕ್ರಾಟಿಕ್ ಪಕ್ಷದ ಉಮೇದುವಾರನಾದವನು ಅಪ್ಟನ್ ಸಿಂಕ್ಲೇರ್ (೧೮೭೮–೧೯೬೮) ಎಂಬ ಕಾದಂಬರಿಕಾರನು. ಶಿಕಾಗೋ ನಗರದ ಮಾಂಸದ ಕಾರ್ಖಾನೆಗಳ ಕೂಲಿಕಾರರನ್ನು ಕುರಿತು ಈತನು ಬರೆದ ‘ದಿ ಜಂಗಲ್’ ಎಂಬ ಕಾದಂಬರಿಯು ೧೯೦೬ರಲ್ಲಿ ಪುಸ್ತಕರೂಪದಿಂದ ಹೊರಬಂದಿತು. ಆ ವರ್ಷವೇ ಮಾಂಸಪರೀಕ್ಷೆಯನ್ನೂ ಆಹಾರೌಷಧಗಳ ಶುದ್ಧಿಯನ್ನೂ ಕುರಿತ ಎರಡು ಶಾಸನಗಳು ಆದುವು. ಕೂಲಿಕಾರರ ಸ್ಥಿತಿಯು ಮಾತ್ರ ಇದ್ದಂತೆಯೇ ಉಳಿಯಿತು. ಕರುಣವನ್ನು ಉದ್ದೇಶಿಸಿ ಬರೆದುದು ಓದುಗರಲ್ಲಿ ಬೀಭತ್ಸವಾಗಿ ಪರಿಣಮಿಸಿತೆಂದು ರಸದೃಷ್ಟಿಯಿಂದ ಹೇಳಬಹುದು. ಕವಿಯ ಅಭಿಪ್ರಾಯವೊಂದು, ಓದುಗರು ಗ್ರಹಿಸಿದುದು ಮತ್ತೊಂದು ಎಂಬ ಈ ದುರ್ದೆಶೆಯು ಸಿಂಕ್ಲೇರನನ್ನು ಮುಂದೆಯೂ ಬಿಡಲಿಲ್ಲ.

ಆತನು ೧೯೨೬ರಲ್ಲಿಯೂ ೧೯೩೦ರಲ್ಲಿಯೂ ಸಮಾಜವಾದಿ ಪಕ್ಷದಿಂದ ಇದೇ ಪದವಿಗೆ ನಿಂತು ಅತ್ಯಲ್ಪ ಮತಗಳನ್ನು ಪಡೆದಿದ್ದನು. ಅಷ್ಟರಲ್ಲಿ ಆರ್ಥಿಕ ಮುಗ್ಗಟ್ಟು ಬಂದಿತು. ಕೆಲಸವಿಲ್ಲದವರು ಲಕ್ಷಗಟ್ಟಲೆಯಾದರು, ಒಂದು ಕಡೆ ಕಾರ್ಖಾನೆಗಳು ಬಾಗಿಲು ಮುಚ್ಚಿದ್ದುವು, ಇನ್ನೊಂದು ಕಡೆ ಬೆಳೆದ ಬೆಳೆಯು ಕೊಳ್ಳುವವರಿಲ್ಲದೆ ಹಾಳಾಗುತ್ತಿತ್ತು. ೧೯೩೩ರ ಸೆಪ್ಟೆಂಬರಿನಲ್ಲಿ ಸಿಂಕ್ಲೇರನು ಡೆಮೊಕ್ರಾಟಿಕ್ ಪಕ್ಷಕ್ಕೆ ತನ್ನ ಹೆಸರನ್ನು ಬರೆಯಿಸಿಕೊಂಡು, ಸಭೆಗೆ ಹೋಗಿ ಭಾಷಣ ಮಾಡುವುದಕ್ಕೆ ಮುಂಚೆ ಅರುವತ್ತನಾಲ್ಕು ಪುಟಗಳ ಕಿರುಗ್ರಂಥವೊಂದನ್ನು ರಚಿಸಿದನು. ಅದರ ಹೆಸರನ್ನು ಕನ್ನಡಿಸುವುದಾದರೆ, ‘ಕ್ಯಾಲಿಫೋರ್ನಿಯದ ಗವರ್ನರನಾದ ನಾನು ಬಡತನವನ್ನು ಕೊನೆಗಾಣಿಸಿದ ಬಗೆ’ ಎಂದಾಗುತ್ತದೆ. ‘ಭವಿಷ್ಯದ ನಿಜವಾದ ಕಥೆ’ ಎಂಬುದು ಅದರ ಉಪನಾಮವು. ಬಡತನವನ್ನು ಕೊನೆಗಾಣಿಸಬೇಕೆಂಬ ಘೋಷಣೆಯ ಇಂಗ್ಲಿಷ್ ಮಾತುಗಳ ಮೊದಲ ಅಕ್ಷರಗಳನ್ನು ಕೂಡಿಸಿದರೆ ‘ಎಪಿಕ್’ ಎಂದಾಗುತ್ತದೆ. ಆ ಶಬ್ದಕ್ಕೆ ಮಹಾಕಾವ್ಯವೆಂದೂ ಅರ್ಥವಿರುವುದರಿಂದ ಇದೊಂದು ಶ್ಲೇಷ. ಅರುವತ್ತನಾಲ್ಕು ಪುಟಗಳ ಮಹಾಕಾವ್ಯಕ್ಕೆ ನಗರಾರ್ಣವಶೈಲರ್ತುವರ್ಣನೆಗಳೇನೂ ಇಲ್ಲವೆಂಬುದು ಬೇರೆ ಮಾತು.

ಕಥೆಯು ಹೀಗಿದೆ. ಲೇಖಕನು ೧೯೩೪ರಲ್ಲಿ ಪಕ್ಷದ ಒಳಚುನಾವಣೆಯನ್ನೂ ಬಳಿಕ ಸಾರ್ವಜನಿಕ ಚುನಾವಣೆಯನ್ನೂ ಗೆದ್ದು ಗವರ್ನರನಾಗುವನು. ಪಾಳುಬಿದ್ದ ಹೊಲಗಳನ್ನೂ ಮುಚ್ಚಿದ ಕಾರ್ಖಾನೆಗಳನ್ನೂ ಸರ್ಕಾರದ ವಶಕ್ಕೆ ತಂದು, ಕೆಲಸವಿಲ್ಲದವರು ತಮಗೆ ಬೇಕಾದುದನ್ನು ತಾವೇ ಬೆಳೆದು, ತಾವೇ ತಯಾರಿಸಿ, ತಮ್ಮತಮ್ಮೊಳಗೆ ವಿನಿಮಯ ಮಾಡಿಕೊಳ್ಳುವಂತೆ ಏರ್ಪಡಿಸುವನು. ಮಾರಾಟದ ತೆರಿಗೆಯನ್ನು ತೆಗೆದು ಏರುತ್ತ ಹೋಗುವ ಆದಾಯತೆರಿಗೆಯನ್ನು ವಿಧಿಸುವನು. ಗತಿಯಿಲ್ಲದ ವೃದ್ಧರಿಗೂ ವಿಧವೆಯರಿಗೂ ಅಂಗವಿಕಲರಿಗೂ ತಿಂಗಳಿಗೆ ೫೦ ಡಾಲರುಗಳ ವೇತನವನ್ನು ಕೊಡಿಸುವನು. ಕೊನೆಗೆ ೧೯೩೮ರಲ್ಲಿ ಸಂಸ್ಥಾನವನ್ನೆಲ್ಲ ಹುಡುಕಿದರೂ ಗುಹೆಯಲ್ಲಿ ವಾಸಿಸುವ ಒಬ್ಬ ವಿರಕ್ತನ ಹೊರತು ಬೇರೆ ಬಡವನು ಸಿಕ್ಕುವುದಿಲ್ಲ. ಕೆಲಸವು ಮುಗಿಯಿತೆಂದು ಗವರ್ನರನು ಪದವಿಯನ್ನು ಬಿಟ್ಟು ಕಾದಂಬರಿ ಬರೆಯಲು ಮನೆಗೆ ಹೋಗುವನು.

ಶೀರ್ಷಿಕೆಯ ಕ್ರಿಯಾಪದವನ್ನು ಗಮನಿಸತಕ್ಕದ್ದು. ಕೊನೆಗಾಣಿಸುವ ಬಗೆಯೆಂದಲ್ಲ, ಕೊನೆಗಾಣಿಸಿದ ಬಗೆ. ಆಶಂಸೆಯು ತೋರುವಲ್ಲಿ ಭವಿಷ್ಯತ್ತಿಗೆ ಭೂತಪ್ರತ್ಯಯಗಳನ್ನು ವಿಕಲ್ಪವಾಗಿ ಹತ್ತಿಸಬಹುದೆಂದು ಪಾಣಿನಿಯು ಮೂರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ವಿಧಿಸಿರುವನು. ಉಪಾಧ್ಯಾಯರು ಬಂದರಾದರೆ ವ್ಯಾಕರಣವನ್ನು ಕಲಿತೇಬಿಟ್ಟೆವು ಎನ್ನುವ ಶಿಷ್ಯರ ಉತ್ಸಾಹವು ವ್ಯಾಖ್ಯಾನಕಾರರ ಉದಾಹರಣೆಯು. ಕನ್ನಡದ ಆಡುಮಾತಿನಲ್ಲಿಯೂ ಒಳಮನೆಯಲ್ಲಿ ಇನ್ನೂ ಪಂಚೆ ಉಡುತ್ತಿರುವವನು ಬಾಗಿಲಲ್ಲಿ ಕರೆಯುವವನಿಗೆ ‘ಇಗೋ ಬಂದೆ’ ಎನ್ನುವನು. ಅದನ್ನು ಸುಳ್ಳೆಂದು ಯಾರೂ ಎಣಿಸುವುದಿಲ್ಲ. ಸಿಂಕ್ಲೇರನು ಒಂದು ವಾಕ್ಯಕ್ಕೆ ಸಲ್ಲುವ ಈ ನಿಯಮವನ್ನು ಇಡಿಯ ಗ್ರಂಥಕ್ಕೆ ವಿಸ್ತರಿಸಿದನು. ವಿನೋದದ ಸಂಗತಿಯೆಂದರೆ, ಪಾಣಿನಿಯ ಮುಂದಿನ ಸೂತ್ರವು ಶೀಘ್ರವೆಂಬ ಅರ್ಥದ ಶಬ್ದವು ಜೊತೆಗಿದ್ದರೆ ಭೂತವು ಸಲ್ಲದು, ಭವಿಷ್ಯತ್ತೇ ಬರಬೇಕೆಂದು ಹೇಳುತ್ತದೆ. ಚುನಾವಣೆಯು ಹತ್ತಿರಕ್ಕೆ ಬಂದಾಗ ಸಿಂಕ್ಲೇರನು ತನ್ನ ಯೋಜನೆಯನ್ನು ತಿದ್ದಿ ‘ಇಮ್ಮೀಡಿಯೆಟ್ ಎಪಿಕ್’ ಎಂಬ, ಎಂದರೆ ಶೀಘ್ರವೆಂಬ ಮಾತನ್ನು ಹೆಸರಿನಲ್ಲಿಯೇ ಹೊತ್ತ, ಮತ್ತೊಂದು ಪುಸ್ತಿಕೆಯನ್ನು ಹೊರಡಿಸಿದನು. ಅದು ಕಥೆಯಲ್ಲ, ಬರಿಯ ಯೋಜನೆ. ಮೊದಲನೆಯದರ ಮೋಡಿಯು ಅದಕ್ಕಿಲ್ಲ.

ಪುರಾಣಗಳಲ್ಲಿ ಭವಿಷ್ಯದ್ರಾಜವಂಶಗಳ ವರ್ಣನೆಯುಂಟು. ಅಲ್ಲಿ ನಡೆದುಹೋದುದನ್ನು ನಡೆಯುವುದೆಂದು ಹೇಳಿದೆ. ಇಲ್ಲಿ ನಡೆಯಬೇಕಾದುದನ್ನು ನಡೆದುಹೋಯಿತೆಂದು ಹೇಳಿದೆ. ಪುರಾಣಕಾರನಿಗೆ ಬೇಕಾದುದು ಋಷಿಯ ಸರ್ವಜ್ಞತೆಯಲ್ಲಿ ನಂಬಿಕೆ, ಈತನಿಗೆ ಬೇಕಾದುದು ಕೇಳುವವನ ಕೈಯಲ್ಲಿ ಕೆಲಸ. ಅಮೆರಿಕದವನೇ ಆದ ಎಡ್ವರ್ಡ್ ಬೆಲಮಿಯು ೧೮೮೮ರಲ್ಲಿ ಪ್ರಕಟಿಸಿದ ‘ಲುಕಿಂಗ್ ಬ್ಯಾಕ್‌ವರ್ಡ್’ ಎಂಬ ಕಥೆಯ ನಾಯಕನು ೧೮೮೭ರಲ್ಲಿ ಮಲಗಿ ೨೦೦೦ದಲ್ಲಿ ಎಚ್ಚರಗೊಳ್ಳುವನು. ನೂರಹದಿಮೂರು ವರ್ಷಗಳ ಆಚೆಯ ಸುಖರಾಜ್ಯಕ್ಕೆ ಯಾರೂ ಮತ ಕೊಡಲಾರರು. ಸಿಂಕ್ಲೇರನು ಆ ದೂರವನ್ನು ಒಂದು ವರ್ಷಕ್ಕೆ ಇಳಿಸಿದನು. ಕಥೆಯ ಪಾತ್ರಗಳು ಬೇರೆಲ್ಲಿಯೂ ಇರಲಿಲ್ಲ, ಅದನ್ನು ಓದುತ್ತಿದ್ದವರೇ ಪಾತ್ರಗಳಾಗಿದ್ದರು. ತಾವು ಆಗಲೇ ಮಾಡಿಮುಗಿಸಿದುದನ್ನು ಮಾಡಲು ಅವರು ಹೊರಟರು.

ಭಾವಿಕಕ್ಕೆ ಭಾಮಹನು ಹೇಳಿದ ಹೇತುಗಳು ಮೂರು: ಕಥಾವಸ್ತುವು ವಿಚಿತ್ರವೂ ಉದಾತ್ತವೂ ಅದ್ಭುತವೂ ಆಗಿರುವುದು, ಅಭಿನಯಕ್ಕೆ ಒದಗುವಂತಿರುವುದು, ಶಬ್ದಗಳು ಗೊಂದಲವಿಲ್ಲದಿರುವುದು. ಮೂರನೆಯದು ಈ ಗ್ರಂಥದಲ್ಲಿ ತುಂಬ ಚೆನ್ನಾಗಿದೆ. ಅರ್ಥಶಾಸ್ತ್ರದ ಕಠಿನ ವಿಷಯವನ್ನು ಕೂಲಿಕಾರನೂ ಒಂದು ಸಂಜೆಗೆ ಓದಿ ಮುಗಿಸುವಂತೆ ಹೇಳಿರುವುದು ಸಾಮಾನ್ಯವಲ್ಲ. ಎರಡನೆಯದರಲ್ಲಿಯೇ ದೋಷ. ಸಿದ್ಧಿಯನ್ನು ಶೀರ್ಷಿಕೆಯಲ್ಲಿಯೇ ಸಾರಿಬಿಟ್ಟಮೇಲೆ ಮುಖದಿಂದ ನಿರ್ವಹಣಕ್ಕೆ ಒಂದೇ ನೆಗೆತ. ಅವಮರ್ಶಸಂಧಿಗೆ ಬಲವೇ ಉಳಿಯುವುದಿಲ್ಲ. ಫಲವು ಕೈಜಾರೀತೆಂಬ ಭಯವು ಓದುಗನಿಗೆ ಹುಟ್ಟಬೇಕಾದ ಸ್ಥಾನವು ಅದು. ಆ ಸಂಧಿಯನ್ನು ಕವಿಯು ಬರೆಯದೆ ಬಿಟ್ಟುದರಿಂದ ಅದನ್ನು ಪ್ರತಿಪಕ್ಷದವರು ಬರೆದರು.

ಗುಹೆಯ ವಿರಕ್ತನ ವಿಷಯದಲ್ಲಿ ಒಂದು ಮಾತು. ಇದನ್ನು ಹಾಸ್ಯವೆಂದು ದಾಟಿಹೋಗುವುದು ಯುಕ್ತವಲ್ಲ. ದಾರಿದ್ರ್ಯವು ಬೇರೆ, ಅಪರಿಗ್ರಹವು ಬೇರೆ. ಮೊದಲನೆಯದು ಹೊರಗಿನಿಂದ ಬಂದ ದುಃಖ, ಎರಡನೆಯದು ತಾನಾಗಿ ಹಿಡಿದ ವ್ರತ. ಸರ್ಕಾರಕ್ಕೆ ಮೊದಲನೆಯದರ ಮೇಲೆ ಮಾತ್ರ ಅಧಿಕಾರವಿದೆಯೆಂಬ ವಿವೇಕವು ಈ ಒಂದು ಪಾತ್ರದಲ್ಲಿ ಅಡಗಿದೆ. ಗ್ರಂಥದಲ್ಲೆಲ್ಲ ನಿಜವಾದ ಧ್ವನಿಯಿರುವ ಸ್ಥಳವು ಇದೊಂದೇ ಎಂದರೂ ಸಲ್ಲುವುದು.

ಕಿರುಗ್ರಂಥವು ಲಕ್ಷಗಟ್ಟಲೆ ಪ್ರತಿಗಳಾಗಿ ಮಾರಿತು. ಸಂಸ್ಥಾನದಲ್ಲೆಲ್ಲ ‘ಎಪಿಕ್’ ಸಂಘಗಳು ಎದ್ದುವು. ೧೯೩೪ರ ಆಗಸ್ಟ್ ೨೮ರಂದು ನಡೆದ ಪಕ್ಷದ ಒಳಚುನಾವಣೆಯಲ್ಲಿ ಸಿಂಕ್ಲೇರನಿಗೆ ೪,೩೬,೦೦೦ಕ್ಕೂ ಹೆಚ್ಚು ಮತಗಳು ಬಂದುವು. ಎರಡನೆಯವನಾದ ಜಾರ್ಜ್ ಕ್ರೀಲನಿಗೆ ಬಂದುದು ಸುಮಾರು ೨,೮೮,೦೦೦. ಎಂದರೆ ‘ಭವಿಷ್ಯದ ಕಥೆ’ಯ ಪೂರ್ವಾರ್ಧವು ನುಡಿದಂತೆಯೇ ನಡೆದುಬಿಟ್ಟಿತು. ನಂಬಿದವರ ನಂಬಿಕೆಯು ಇದರಿಂದ ಎಷ್ಟು ಬೆಳೆಯಿತೋ ಪ್ರತಿಪಕ್ಷದವರ ಭಯವೂ ಅಷ್ಟೇ ಬೆಳೆಯಿತು. ರಿಪಬ್ಲಿಕನ್ ಪಕ್ಷದ ಫ್ರಾಂಕ್ ಮೆರಿಯಮನು, ಗವರ್ನರ್ ಜೇಮ್ಸ್ ರಾಲ್ಫನು ಆ ವರ್ಷದ ಜೂನ್ ೨ರಂದು ತೀರಿಕೊಂಡುದರಿಂದ, ಉಪಗವರ್ನರನ ಸ್ಥಾನದಿಂದ ಮೇಲಕ್ಕೆ ಬಂದವನು. ಆತನಿಗೆ ಸಾಹಿತ್ಯದ ಗೊಡವೆಯಿರಲಿಲ್ಲ. ಆತನ ಪರವಾಗಿ ಕೆಲಸ ಮಾಡಿದವರಿಗಾದರೋ ಇತ್ತು.

ಕ್ಲೆಮ್ ವಿಟೇಕರ್ ಮತ್ತು ಲಿಯೋನ್ ಬ್ಯಾಕ್ಸ್‌ಟರ್ ಎಂಬಿಬ್ಬರು ೧೯೩೩ರಲ್ಲಿ ಚುನಾವಣೆಗಳನ್ನು ನಡೆಸಿಕೊಡುವುದನ್ನೇ ವೃತ್ತಿಯಾಗಿ ಮಾಡಿಕೊಂಡು ಒಂದು ಸಂಸ್ಥೆಯನ್ನು ತೆರೆದಿದ್ದರು. ಇವರು ಸಿಂಕ್ಲೇರನ ಗ್ರಂಥರಾಶಿಯನ್ನು ಮುಂದಿಟ್ಟುಕೊಂಡು ಓದಿದರು. ಬಹುಶಃ ಯಾವ ವಿಮರ್ಶಕನೂ ಆತನನ್ನು ಅಷ್ಟು ಶ್ರದ್ಧೆಯಿಂದ ಓದಿರಲಾರನು. ಓದಿ, ಮದುವೆ, ಮತ, ದೇಶಾಭಿಮಾನ ಮೊದಲಾದ ವಿಷಯಗಳಲ್ಲಿ ಜನರಿಗೆ ಕಟುವಾಗಿ ತೋರುವ ವಾಕ್ಯಗಳನ್ನು ಆಯ್ದು ತೆಗೆದರು. ‘ಲಾಸ್ ಏಂಜಲಿಸ್ ಟೈಮ್ಸ್’ ಪತ್ರಿಕೆಯು ಇಂತಹ ವಾಕ್ಯಗಳನ್ನು ಪ್ರತಿದಿನವೂ ಮುಖಪುಟದಲ್ಲಿ ಚೌಕಟ್ಟು ಹಾಕಿ ಅಚ್ಚುಮಾಡಿತು. ಅವುಗಳಲ್ಲಿ ಅನೇಕವು ಸಿಂಕ್ಲೇರನ ಮಾತುಗಳಲ್ಲ, ಆತನ ಕಾದಂಬರಿಗಳ ಪಾತ್ರಗಳು ಆಡಿದ ಮಾತುಗಳು. ವಿವಾಹದ ಪಾವಿತ್ರ್ಯದಲ್ಲಿ ತನಗೆ ಈಗ ನಂಬಿಕೆಯಿಲ್ಲವೆಂಬ ಅರ್ಥದ ಒಂದು ವಾಕ್ಯವು ಹೀಗೆ ಪ್ರಕಟವಾಯಿತು. ಅದು ೧೯೧೧ರ ‘ಲವ್ಸ್ ಪಿಲ್ಗ್ರಿಮೇಜ್’ ಎಂಬ ಕಾದಂಬರಿಯಲ್ಲಿ, ಹೆಂಡತಿಯು ಅನ್ಯನಲ್ಲಿ ಅನುರಕ್ತೆಯಾದುದನ್ನು ಕಂಡು ಎದೆಯೊಡೆದ ಗಂಡನು ಆ ಅನ್ಯನಿಗೇ ಬರೆಯುವ ಪತ್ರದ ಮಾತು. ನಂಬಿಕೆಯಿದ್ದುದರಿಂದಲೇ ಅದು ಮುರಿದಾಗ ಬಾಯಿಂದ ಹೊರಟ ನಿರ್ವೇದವನ್ನು, ನಂಬಿಕೆಯನ್ನು ಮುರಿಯಲು ಹೊರಟವನ ಉಪದೇಶವೆಂದು ತೋರಿಸಿದರು.

ಆನಂದವರ್ಧನನು ಕವಿಯ ಪ್ರೌಢೋಕ್ತಿಯನ್ನೂ ಕವಿನಿಬದ್ಧನಾದ ವಕ್ತೃವಿನ ಪ್ರೌಢೋಕ್ತಿಯನ್ನೂ ಬೇರೆಬೇರೆಯಾಗಿ ಎಣಿಸಿರುವನು. ಈ ವಿಭಾಗವು ಅನಾವಶ್ಯಕವೆಂದು ಹೇಳುವವರೂ ಉಂಟು. ಜಗನ್ನಾಥಪಂಡಿತನಿಗೆ ಅದು ರುಚಿಸಲಿಲ್ಲ. ಚಮತ್ಕಾರದ ಲೆಕ್ಕದಲ್ಲಿ ಆತನ ಆಕ್ಷೇಪವು ಸರಿಯಿರಬಹುದು. ಆದರೆ ವಾಕ್ಯದ ಹೊಣೆಯು ಯಾರದೆಂಬ ಪ್ರಶ್ನೆಯು ಬಂದಾಗ ಈ ವಿಭಾಗವಿಲ್ಲದೆ ನಿರ್ವಾಹವಿಲ್ಲವೆಂಬುದು ಕ್ಯಾಲಿಫೋರ್ನಿಯದ ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ, ವಾಕ್ಯವನ್ನು ಇಟ್ಟುಕೊಂಡು ಪ್ರಕರಣವನ್ನು ಕತ್ತರಿಸಿಹಾಕಿದರು. ಅಚ್ಚಾದ ಅಕ್ಷರಗಳಲ್ಲಿ ಒಂದೂ ಸುಳ್ಳಿರಲಿಲ್ಲ; ಚೌಕಟ್ಟೇ ಸುಳ್ಳು.

ಈ ವ್ಯಾಪಾರವು ಚುನಾವಣೆಯವರಿಗೆ ಮಾತ್ರ ಮೀಸಲೆಂದು ಸಾಹಿತ್ಯವನ್ನು ಬೋಧಿಸುವವರು ಭಾವಿಸಬೇಕಾಗಿಲ್ಲ. ಸುಭಾಷಿತಸಂಗ್ರಹಗಳ ಬಹುಭಾಗವು ಇಂತಹ ಚೌಕಟ್ಟುಗಳೇ. ಸಂದೇಹದ ವಿಷಯದಲ್ಲಿ ಸಜ್ಜನರಿಗೆ ತಮ್ಮ ಅಂತಃಕರಣದ ಒಲವೇ ಪ್ರಮಾಣವೆಂಬ ಶಾಕುಂತಲದ ಮಾತು, ಆಶ್ರಮಕನ್ಯೆಯಲ್ಲಿ ಮನಸ್ಸಿಟ್ಟ ದುಷ್ಯಂತನು ತನ್ನ ಆಸೆಗೆ ತಾನೇ ಕೊಟ್ಟುಕೊಂಡ ಸಮಾಧಾನ. ಅದನ್ನು ಕುಮಾರಿಲಭಟ್ಟನಂತಹ ಮಹಾಮೀಮಾಂಸಕನೇ ಆತ್ಮತುಷ್ಟಿಯ ಪ್ರಸ್ತಾವದಲ್ಲಿ ಎತ್ತಿಕೊಂಡಿರುವನು. ಗದಾಯುದ್ಧದ ದುರ್ಯೋಧನನ ಬಾಯಿಯ ಮಾತನ್ನು ‘ರನ್ನನು ಹೇಳುತ್ತಾನೆ’ ಎಂದು ಆರಂಭಿಸಿ ಪರೀಕ್ಷೆಯ ಉತ್ತರದಲ್ಲಿ ಬರೆಯುವ ವಿದ್ಯಾರ್ಥಿಗೆ ಅಂಕಗಳು ಕಡಿಮೆಯಾಗುವುದು ಅಪರೂಪ. ಕುಮಾರಿಲನ ಉದ್ದೇಶವು ಶುದ್ಧ, ವಿಟೇಕರನದು ಅಲ್ಲ ಎಂಬ ಭೇದವು ದೊಡ್ಡದೇ. ಆದರೂ ಓದುವ ಕ್ರಮವು ಒಂದೇ.

ಇಲ್ಲಿ ಪೂರ್ವಪಕ್ಷವೊಂದಕ್ಕೆ ಸಮಾಧಾನ ಹೇಳಬೇಕಾಗಿದೆ. ಸಿಂಕ್ಲೇರನ ಕಾದಂಬರಿಗಳು ಮತಪ್ರತಿಪಾದನೆಗಾಗಿಯೇ ಹುಟ್ಟಿದುವು. ಪಾತ್ರಗಳು ಆತನ ಮುಖವಾಣಿಗಳು. ಅಲ್ಲದೆ ‘ಲವ್ಸ್ ಪಿಲ್ಗ್ರಿಮೇಜ್’ ಆತನ ಮೊದಲ ದಾಂಪತ್ಯದ ಕಥೆಯೇ ಆಗಿದೆ. ಆದುದರಿಂದ ಪ್ರತಿಪಕ್ಷದವರು ಮಾಡಿದುದು ಅನ್ಯಾಯವಲ್ಲ ಎಂದು ವಾದಿಸಬಹುದು. ಈ ವಾದದಲ್ಲಿ ಸ್ವಲ್ಪ ಸಾರವಿದೆ. ೧೯೧೮ರ ‘ದಿ ಪ್ರಾಫಿಟ್ಸ್ ಆಫ್ ರಿಲಿಜನ್’ ಎಂಬ ಗ್ರಂಥವು ಕಾದಂಬರಿಯಲ್ಲ. ಮತಸಂಸ್ಥೆಗಳನ್ನು ಅಲ್ಲಿ ಆತನು ಸ್ವಂತ ಬಾಯಿಂದಲೇ ಖಂಡಿಸಿರುವನು, ಆ ವಾಕ್ಯಗಳಿಗೆ ಆತನೇ ಹೊಣೆ. ಕಾದಂಬರಿಯ ವಿಷಯ ಹಾಗಲ್ಲ. ಸ್ವಂತ ದುಃಖವನ್ನು ಪಾತ್ರಕ್ಕೆ ವಹಿಸಿದ ಕವಿಯು ಅದನ್ನು ತನ್ನಿಂದ ಬೇರ್ಪಡಿಸಿ ನೋಡಿದ್ದಾನೆಂದೇ ಅರ್ಥ. ಹಾಗಲ್ಲವಾದರೆ ಸಾಧಾರಣೀಕರಣವೆಂಬ ಮಾತಿಗೆ ಅರ್ಥವಿಲ್ಲ.

ಪೂರ್ವಪಕ್ಷಕ್ಕೆ ಬಲವನ್ನು ಕೊಟ್ಟವನು ಸಿಂಕ್ಲೇರನೇ ಎಂಬುದು ವಿಚಾರ ಮಾಡತಕ್ಕ ಅಂಶವಾಗಿದೆ. ಕಥಾನಾಯಕನೂ ಕವಿಯೂ ಉಮೇದುವಾರನೂ ಒಬ್ಬನೇ ಎಂದು ‘ನಾನು’ ಎಂಬ ಶಬ್ದವನ್ನು ಶೀರ್ಷಿಕೆಯಲ್ಲಿಟ್ಟು ಸಾರಿದವನು ಆತನು. ಕಥೆಯಲ್ಲಿ ನಡೆದುದು ಹೊರಗೂ ನಡೆಯುತ್ತದೆಂದು ನಂಬಬೇಕೆಂದು ಲಕ್ಷಾಂತರ ಓದುಗರಿಗೆ ಕಲಿಸಿದವನು ಆತನು. ಒಂದು ಗ್ರಂಥದಲ್ಲಿ ಕವಿಗೂ ನಾಯಕನಿಗೂ ನಡುವಣ ಗೋಡೆಯನ್ನು ಕೆಡವಿದಮೇಲೆ, ಬೇರೆ ಗ್ರಂಥಗಳಲ್ಲಿ ಅದು ನಿಂತಿದೆಯೆಂದು ಸಾಮಾನ್ಯ ಓದುಗನಿಗೆ ಹೇಗೆ ತಿಳಿಯಬೇಕು? ಸಿಂಕ್ಲೇರನಿಗೆ ಲಾಭವನ್ನು ತಂದ ಓದಿನ ಅಭ್ಯಾಸವನ್ನೇ ಪ್ರತಿಪಕ್ಷದವರು ತಮ್ಮ ಲಾಭಕ್ಕೆ ತಿರುಗಿಸಿದರು. ಇದನ್ನು ಆತನ ಪಕ್ಷಪಾತಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆತನ ಸೋಲನ್ನೆಲ್ಲ ಪತ್ರಿಕೆಗಳ ದ್ವೇಷಕ್ಕೆ ಕಟ್ಟುವರು. ದ್ವೇಷವೇನೋ ಇತ್ತು. ಪತ್ರಿಕೆಗಳನ್ನು ಖಂಡಿಸಿ ‘ದಿ ಬ್ರಾಸ್ ಚೆಕ್’ ಎಂಬ ಗ್ರಂಥವನ್ನು ಬರೆದವನ ಮೇಲೆ ಪತ್ರಿಕೆಗಳಿಗೆ ಪ್ರೀತಿಯಿರುವ ಕಾರಣವಿಲ್ಲ.

ಚಿತ್ರಗಳಲ್ಲಿಯೂ ಇದೇ ನಡೆಯಿತು. ತಾನು ಗೆದ್ದರೆ ದೇಶದ ನಿರುದ್ಯೋಗಿಗಳಲ್ಲಿ ಅರ್ಧದಷ್ಟು ಜನ ಕ್ಯಾಲಿಫೋರ್ನಿಯಕ್ಕೆ ರೈಲು ಹತ್ತುವರೆಂದು ಸಿಂಕ್ಲೇರನು ಪತ್ರಕರ್ತರ ಮುಂದೆ ಲಘುವಾಗಿ ಆಡಿದ ಮಾತನ್ನು ಹಿಡಿದುಕೊಂಡು, ಅಲೆಮಾರಿಗಳ ದಂಡು ಬರುತ್ತಿದೆಯೆಂಬ ಚಿತ್ರವು ಪತ್ರಿಕೆಯಲ್ಲಿ ಬಂದಿತು. ಅದು ೧೯೩೩ರ ‘ವೈಲ್ಡ್ ಬಾಯ್ಸ್ ಆಫ್ ದಿ ರೋಡ್’ ಎಂಬ ಚಲಚ್ಚಿತ್ರದೊಳಗಿನ ಒಂದು ದೃಶ್ಯ, ಅಲ್ಲಿದ್ದವರು ನಟರು. ಹಾಲಿವುಡ್ಡಿನ ಎಂ.ಜಿ.ಎಂ. ಸಂಸ್ಥೆಯಲ್ಲಿ ಇರ್ವಿಂಗ್ ಥಾಲ್ಬರ್ಗನ ಮೇಲ್ವಿಚಾರಣೆಯಲ್ಲಿ ವಾರ್ತಾಚಿತ್ರಗಳ ರೂಪದ ತುಣುಕುಗಳು ತಯಾರಾಗಿ ಚಿತ್ರಮಂದಿರಗಳಲ್ಲಿ ಪ್ರದರ್ಶಿತವಾದುವು. ಅವುಗಳಲ್ಲಿ ಅಚ್ಚುಕಟ್ಟಾದ ಉಡುಪಿನವರು ಮೆರಿಯಮನ ಪರವಾಗಿಯೂ, ಕೊಳಕು ಬಟ್ಟೆಯವರು ಸಿಂಕ್ಲೇರನ ಪರವಾಗಿಯೂ ಮಾತನಾಡುತ್ತಿದ್ದರು. ನಾಟಕದಲ್ಲಿ ನಟನನ್ನು ರಾಮನೆಂದು ಗ್ರಹಿಸುವ ಚಿತ್ರತುರಗನ್ಯಾಯವನ್ನು ಶಂಕುಕನು ರಸಾನುಭವಕ್ಕಾಗಿ ಹೇಳಿದನು. ಕುದುರೆಯ ಚಿತ್ರವನ್ನು ತೋರಿಸಿ ಕುದುರೆಯ ಬೆಲೆಯನ್ನು ವಸೂಲು ಮಾಡುವುದಕ್ಕೆ ಆ ನ್ಯಾಯವು ಒದಗೀತೆಂದು ಆತನು ಎಣಿಸಿರಲಾರನು.

ನವೆಂಬರ್ ೬ರಂದು ಮೆರಿಯಮನಿಗೆ ೧೧,೩೮,೬೨೦, ಸಿಂಕ್ಲೇರನಿಗೆ ೮,೭೯,೫೩೭, ಮೂರನೆಯವನಾದ ರೇಮಂಡ್ ಹೇಟನಿಗೆ ೩,೦೨,೫೧೯ ಮತಗಳು ಬಂದುವು. ಸೋತ ಇಬ್ಬರ ಮತಗಳನ್ನು ಕೂಡಿಸಿದರೆ ಗೆದ್ದವನ ಮತಗಳಿಗಿಂತ ೪೩,೪೩೬ ಹೆಚ್ಚಾಗುವುದಾದರೂ, ಹೇಟನ ಮತಗಳೆಲ್ಲ ಸಿಂಕ್ಲೇರನಿಗೇ ಬರುತ್ತಿದ್ದುವೆಂದು ಹೇಳಲು ಆಧಾರವಿಲ್ಲ. ಏರುವ ಆದಾಯತೆರಿಗೆಯು ಮಾತ್ರ ೧೯೩೫ರಲ್ಲಿ ಮೆರಿಯಮನ ಆಡಳಿತದಲ್ಲಿಯೇ ಶಾಸನವಾಯಿತು.

ಸೋತ ಕೂಡಲೆ ಸಿಂಕ್ಲೇರನು ಮತ್ತೊಂದು ಗ್ರಂಥವನ್ನು ಬರೆದನು. ‘ಗವರ್ನರ್ ಪದವಿಗೆ ಉಮೇದುವಾರನಾದ ನಾನು ಪೆಟ್ಟು ತಿಂದ ಬಗೆ’ ಎಂಬುದು ಅದರ ಹೆಸರು. ಪತ್ರಿಕೆಗಳಲ್ಲಿ ಭಾಗಭಾಗವಾಗಿ ಬಂದು ೧೯೩೫ರಲ್ಲಿ ಪುಸ್ತಕವಾಯಿತು. ಮೊದಲನೆಯದರ ಹೆಸರಿನ ಕಟ್ಟನ್ನೇ ಉಳಿಸಿಕೊಂಡು ಕ್ರಿಯಾಪದವನ್ನು ಮಾತ್ರ ತಿರುಗಿಸಿರುವುದು ರಸಿಕರಿಗೆ ಮೆಚ್ಚಾಗತಕ್ಕ ಸಂಗತಿ. ತನ್ನ ಸೋಲನ್ನು ಆಡುಮಾತಿನ ಪೆಟ್ಟೆಂದು ಕರೆದುಕೊಳ್ಳುವ ಧೈರ್ಯವೂ ಹಾಗೆಯೇ. ದಿನದಿನವೂ ಆ ಚೌಕಟ್ಟುಗಳನ್ನು ಓದುತ್ತ ಗೆಲವು ಕೈಬಿಟ್ಟಿತೆಂದು ತಾನು ನಿಶ್ಚಯಿಸಿಕೊಂಡುದನ್ನು ಆತನು ಇದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿರುವನು. ಭೂತವನ್ನು ಪ್ರತ್ಯಕ್ಷವಾಗಿ ತೋರಿಸುವುದೂ ಭಾವಿಕವೇ. ಆ ದೃಷ್ಟಿಯಿಂದ ಎರಡನೆಯದೇ ಮೇಲಾದ ಕೃತಿ: ಅವಸರದಲ್ಲಿ ಬರೆದುದರಿಂದ ಜೋಡಣೆಯು ಸಡಿಲವಾಗಿದ್ದರೂ ಮೊದಲನೆಯದರಲ್ಲಿ ಇಲ್ಲದ ಅವಮರ್ಶವು ಇದರಲ್ಲಿ ತುಂಬಿದೆ. ಆದರೆ ದಂಡಿಯು ಹೇಳಿದ ಕವಿಯ ಅಭಿಪ್ರಾಯವು, ಎಂದರೆ ಸಿದ್ಧಿಯವರೆಗೆ ಎಡೆಬಿಡದೆ ನಿಲ್ಲುವ ಸಂಕಲ್ಪವು, ಮೊದಲನೆಯದರಲ್ಲಿಯೇ ಹೆಚ್ಚು. ಭಾಮಹನನ್ನು ಅನುಸರಿಸಿದರೆ ಒಂದು ತೀರ್ಪು, ದಂಡಿಯನ್ನು ಅನುಸರಿಸಿದರೆ ಮತ್ತೊಂದು. ಭಾವಿಕವನ್ನು ಒಂದು ಪದ್ಯದ ಅಲಂಕಾರವೆಂದು ಇಳಿಸಿದವರ ಲಕ್ಷಣದಿಂದ ಎರಡರಲ್ಲಿ ಯಾವುದನ್ನೂ ಅಳೆಯಲಾಗದು.

ಕಿರುಗ್ರಂಥವು ಸಿದ್ಧಿಯ ವರ್ಷವೆ೦ದು ಗುರುತಿಸಿದ್ದ ೧೯೩೮ರಲ್ಲಿ, ‘ಎಪಿಕ್’ ಚಳುವಳಿಯಿಂದ ೧೯೩೪ರಲ್ಲಿ ಸಂಸ್ಥಾನದ ಸೆನೆಟಿಗೆ ಬಂದಿದ್ದ ಕಲ್ಬರ್ಟ್ ಓಲ್ಸನನು ಗವರ್ನರನಾಗಿ ಆರಿಸಲ್ಪಟ್ಟನು. ಬಡತನವು ಆಗಲೂ ಉಳಿದಿತ್ತು. ಸಿಂಕ್ಲೇರನು ಮನೆಗೆ ಹೋಗಿ ಕಾದಂಬರಿ ಬರೆಯುತ್ತಿದ್ದನು. ಅವುಗಳಲ್ಲಿ ‘ಡ್ರಾಗನ್ಸ್ ಟೀತ್’ ಎಂಬುದಕ್ಕೆ ೧೯೪೩ರಲ್ಲಿ ಪುಲಿಟ್ಜರ್ ಬಹುಮಾನವು ಬಂದಿತು.